ಮೊಣಕೈ ಎತ್ತರದ ಮೇಜು



2020ರ ಮಾರ್ಚ್ 24ರ ನಡುರಾತ್ರಿ ದೇಶಕ್ಕೆ ಬೀಗ ಬಿತ್ತಲ್ಲ, ಅದರ ಬೆನ್ನಿಗೇ ಆಫೀಸುಗಳು ಮನೆಗೆ ಬಂದವು. ಕೆಲಸ ಬಂತು, ಲ್ಯಾಪ್‌ಟಾಪ್ ಬಂತು, ಬೆಳಗಿನ ಮೀಟಿಂಗೂ ತಪ್ಪದೆ ಬಂತು, ಮೇಜೊಂದು ಬರಲಿಲ್ಲ. ಬೆಂಗಳೂರಿನ ಪೀಜಿ ಖಾಲಿ ಮಾಡಿ ಊರು ಸೇರಿದವರು ಊಟದ ಟೇಬಲ್ಲು, ಇಸ್ತ್ರಿ ಹಲಗೆ, ಹೊಲಿಗೆ ಮಷೀನು, ಕೊನೆಗೆ ಅಕ್ಕಿ ಡ್ರಮ್ಮಿನ ಮುಚ್ಚಳ ಹೀಗೆ ಸಿಕ್ಕಿದ್ದರ ಮೇಲೆ ಕೀಲಿಮಣೆ ಕುಟ್ಟಿದರು. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದವರ ಫೋಟೊ ಪತ್ರಿಕೆಗಳಲ್ಲಿ ಬಂತು. ಮನೆಯೊಳಗೇ ಕೂತು ಕುತ್ತಿಗೆ ಹಿಡಿಸಿಕೊಂಡವರ ಫೋಟೊ ಯಾರೂ ತೆಗೆಯಲಿಲ್ಲ.

ಬೀಗ ತೆರೆದು ವರ್ಷಗಳಾದವು. ವಾರಕ್ಕೆ ಎರಡೋ ಮೂರೋ ದಿನ ಮನೆಯಿಂದಲೇ ಕೆಲಸ ಎಂಬ ಏರ್ಪಾಟು ಮಾತ್ರ ಎಷ್ಟೋ ಕಡೆ ಹಾಗೇ ಉಳಿದಿದೆ. ಇವತ್ತಿನ ಮಾತು ಆದ್ದರಿಂದ ಮೇಜಿನದು. ಅಂಗಡಿಯಿಂದ ಹೊತ್ತು ತರುವ ಮೇಜಿನದಲ್ಲ, ಕೈಯಾರೆ ಮಾಡಿಕೊಳ್ಳುವ ಮೇಜಿನದು.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಸಾಗರ ಪೇಟೆಯ ಹತ್ತಿರದ ಹಳ್ಳಿ. ಕೆಲಸ ಬೆಂಗಳೂರಿನ ಕಂಪನಿಯದು, ಕೂರುವುದು ಊರಿನ ಮನೆಯ ಜಗಲಿ ಪಕ್ಕದ ಕೋಣೆಯಲ್ಲಿ. ಎತ್ತರ ಐದಡಿ ಎರಡಿಂಚು. ಸಿದ್ಧ ಮೇಜೊಂದನ್ನು ಕೊಂಡು ತಂದಿದ್ದಾಳೆ. ನೋಡಲು ಚೆಂದ, ಡ್ರಾಯರ್ ಉಂಟು, ಬಣ್ಣ ಗೋಡೆಗೆ ಹೊಂದುತ್ತದೆ. ಆದರೆ ಸಂಜೆಯಾಗುವಷ್ಟರಲ್ಲಿ ಎರಡೂ ಭುಜ ಕಿವಿಯ ಹತ್ತಿರಕ್ಕೆ ಬಂದಿರುತ್ತವೆ. ಅಮ್ಮ ಎಣ್ಣೆ ಬಿಸಿ ಮಾಡುತ್ತಾಳೆ, "ಆ ಕಂಪ್ಯೂಟರ್ ನೋಡಿ ನೋಡಿಯೇ ಹಿಂಗಾದ್ದು" ಎಂದು ಬಯ್ಯುತ್ತಾಳೆ.

ತಪ್ಪು ಕಂಪ್ಯೂಟರಿನದಲ್ಲ. ಪೇಟೆಯ ಮೇಜುಗಳು ಸಾಮಾನ್ಯವಾಗಿ 29ರಿಂದ 30 ಇಂಚು ಎತ್ತರ, ಅಂದರೆ ಸುಮಾರು 74ರಿಂದ 76 ಸೆಂಟಿಮೀಟರ್. ಆ ಎತ್ತರ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ ಎಂದು ಕಾರ್ಖಾನೆ ತಿಳಿದಿದೆ. ಐದಡಿ ಎರಡಿಂಚಿನವಳನ್ನು ಯಾರೂ ಕೂರಿಸಿ ಅಳೆದಿಲ್ಲ.

ಅವಳು ಉಳಿ ಗರಗಸ ಎರವಲು ಕೇಳಲು ಪಕ್ಕದ ಮನೆಯ ಆಚಾರ್ರ ಹತ್ತಿರ ಹೋದಳು ಎನ್ನಿ. "ಯಾವ ಮರ ತರ್ಲಿ ಆಚಾರ್ರೇ?" ಎಂಬುದು ಅವಳ ಮೊದಲ ಪ್ರಶ್ನೆ. "ಮರದ್ದು ಆಮೇಲೆ. ಮೊದ್ಲು ನೀ ಕೂತ್ಕ ತಂಗಿ" ಎಂಬುದು ಆಚಾರ್ರ ಉತ್ತರ. ಅವರು ಟೇಪು ಹಿಡಿದರು. ಅಂಗಾಲು ಪೂರ್ತಿ ನೆಲಕ್ಕೆ ಊರಿ ಕೂತಾಗ ಕುರ್ಚಿಯ ಹಲಗೆ ನೆಲದಿಂದ 16 ಇಂಚು. ಭುಜ ಸಡಿಲ ಬಿಟ್ಟು ತೋಳು ಮಡಿಸಿದಾಗ ಕುರ್ಚಿಯಿಂದ ಮೊಣಕೈಗೆ 9 ಇಂಚು. ಒಟ್ಟು 25. ಕೀಲಿಮಣೆಯ ದಪ್ಪಕ್ಕೆ ಅರ್ಧ ಇಂಚು ಕಳೆದರೆ ಅವಳ ಮೇಜಿನ ಎತ್ತರ ಇಪ್ಪತ್ತನಾಲ್ಕೂವರೆ ಇಂಚು. ಕೊಂಡು ತಂದ 30 ಇಂಚಿನ ಮೇಜು ಐದೂವರೆ ಇಂಚು ಮೇಲಿದೆ! ಅಷ್ಟನ್ನು ದಿನವಿಡೀ ಭುಜಗಳು ಎತ್ತಿ ಹಿಡಿದಿದ್ದವು.

ಕುರ್ಚಿಯನ್ನೇ ಎತ್ತರಿಸಬಹುದಲ್ಲ ಎಂದರೆ, ಎತ್ತರಿಸಬಹುದು. ಆಗ ಕಾಲು ನೇತಾಡುತ್ತವೆ, ಕುರ್ಚಿಯ ಅಂಚು ತೊಡೆಯ ಹಿಂಬದಿಯನ್ನು ಒತ್ತುತ್ತದೆ, ಪಾದದ ಕೆಳಗೆ ಮಣೆ ಇಡಬೇಕಾಗುತ್ತದೆ. ಮೇಜು ಕೊಂಡವರು ಮಾಡುವ ಹೊಂದಾಣಿಕೆ ಇದು. ಮಾಡಿಕೊಳ್ಳುವವರಿಗೆ ಇದರ ದರ್ದಿಲ್ಲ.

ಮೊಣಕೈಯಿಂದ ಲೆಕ್ಕ ಶುರುಮಾಡುವುದು ಈ ನೆಲಕ್ಕೆ ಹೊಸದೇನೂ ಅಲ್ಲ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ, ಅದರಲ್ಲಿ ಅರ್ಧ ಗೇಣು; ಹಳೆಯ ಲೆಕ್ಕದಲ್ಲಿ 24 ಅಂಗುಲಕ್ಕೆ ಒಂದು ಮೊಳ. ಹೂವು ಮಾರುವವರು ಇಂದಿಗೂ ಅದೇ ಅಳತೆಗೋಲು ಹಿಡಿದಿದ್ದಾರೆ. ಮೇಜು, ಕುರ್ಚಿ ಎಂಬ ಪದಗಳೇ ಹೊರಗಿನಿಂದ ಬಂದವು. ಅವು ಬರುವ ಮುಂಚೆಯೂ ಇಲ್ಲಿ ಬರವಣಿಗೆ ನಡೆದಿತ್ತು. ಶಾನುಭೋಗರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮುಂದೆ ಇಳಿಜಾರು ಮುಚ್ಚಳದ ಗಿಡ್ಡ ಡೆಸ್ಕು ಇಟ್ಟುಕೊಳ್ಳುತ್ತಿದ್ದರು. ಅದಕ್ಕೂ ಹಿಂದಿನವರು ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಲೆಕ್ಕ ಬರೆದು ಕಡತ ಎನ್ನುತ್ತಿದ್ದರು. ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಕಾಯ್ದೆ ರದ್ದು ಮಾಡಿತು. ಡೆಸ್ಕುಗಳು ಅಟ್ಟ ಸೇರಿದವು. ಅಂಥದ್ದೊಂದನ್ನು ಇಳಿಸಿ, ಧೂಳು ಕೊಡವಿ, ಮುಂದೆ ಕೂತು ನೋಡಿ: ಮುಚ್ಚಳದ ಕೆಳಗಿನ ಅಂಚು ಕೂತವರ ಮೊಣಕೈಯ ಆಸುಪಾಸಿನಲ್ಲೇ ಇರುತ್ತದೆ.

ಭಾರತೀಯರ ಮೈಯಳತೆಗಳನ್ನು ಶಾಸ್ತ್ರೀಯವಾಗಿ ಕಲೆಹಾಕಿದವರೂ ಇದ್ದಾರೆ. ದೇಬಕುಮಾರ್ ಚಕ್ರವರ್ತಿ ಅವರು ಸಿದ್ಧಪಡಿಸಿದ, ವಿನ್ಯಾಸಕಾರರಿಗೆ ಬೇಕಾದ ಮೈಯಳತೆಗಳ ಗ್ರಂಥವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಪ್ರಕಟಿಸಿತು. ಕೂತಾಗಿನ ಮೊಣಕೈ ಎತ್ತರ, ತೊಡೆಯ ದಪ್ಪ, ಮಂಡಿಯ ಎತ್ತರ ಎಲ್ಲವೂ ಅದರಲ್ಲಿವೆ. ಕಾರ್ಖಾನೆಗೆ ಅಂಥ ಗ್ರಂಥ ಬೇಕು, ಏಕೆಂದರೆ ಅದು ಸಾವಿರಾರು ಜನರಿಗೆ ಒಂದೇ ಮೇಜು ಮಾಡಬೇಕು. ಸಾಗರದ ಹುಡುಗಿ ಮಾಡಬೇಕಾದ್ದು ಒಬ್ಬಳಿಗೆ. ಅವಳಿಗೆ ಒಂದು ಟೇಪು ಸಾಕು.

ಈಗ ತೊಡೆಯ ಲೆಕ್ಕಕ್ಕೆ ಬರೋಣ. ಹೊಸಬರು ಎಡವುವುದು ಇಲ್ಲೇ. ಕುರ್ಚಿ 16 ಇಂಚು, ಅದರ ಮೇಲೆ ತೊಡೆಯ ದಪ್ಪ ಐದೂವರೆ ಎನ್ನಿ, ಇಪ್ಪತ್ತೊಂದೂವರೆ ಆಯಿತು. ಮೇಜಿನ ಮೈ ಇರುವುದು ಇಪ್ಪತ್ತನಾಲ್ಕೂವರೆಯಲ್ಲಿ. ನಡುವೆ ಉಳಿದದ್ದು ಮೂರೇ ಇಂಚು. ಆ ಮೂರರೊಳಗೆ ಹಲಗೆಯ ದಪ್ಪವೂ ಸೇರಬೇಕು, ಕಾಲು ಅಲುಗಾಡಿಸುವಷ್ಟು ಜಾಗವೂ ಉಳಿಯಬೇಕು. ಡ್ರಾಯರ್‌ಗೆ ಅಲ್ಲಿ ತಾವೆಲ್ಲಿ? ಪೇಟೆಯ ಮೇಜಿಗೆ ನಡುವೆ ಡ್ರಾಯರ್ ಕೂರಿಸಲು ಬರುವುದು ಅದು 30 ಇಂಚು ಎತ್ತರ ಇರುವುದರಿಂದ. ಪೆನ್ನು, ಚಾರ್ಜರ್ ಇಡಲು ಮಾಡಿದ ಪೆಟ್ಟಿಗೆಗಾಗಿ ಮೇಜು ಮೇಲೇರುತ್ತದೆ, ಅದರ ಜೊತೆಗೆ ಭುಜವೂ ಏರುತ್ತದೆ. ನಮ್ಮ ಹುಡುಗಿ ಡ್ರಾಯರ್ ಕೈಬಿಟ್ಟಳು. ಪಕ್ಕದಲ್ಲಿ ಅಜ್ಜಿಯ ಕಾಲದ ಟ್ರಂಕು ಇಟ್ಟುಕೊಂಡಳು.

ಮೇಜು ಮಾಡಲು ಕುಲಕಸುಬು ಬೇಕೆಂದೇನೂ ಇಲ್ಲ. ಇದಕ್ಕೆ ದೂರದ ಎರಡು ನಿದರ್ಶನಗಳುಂಟು. 1995ರಲ್ಲಿ ಅಮೆರಿಕದ ಸಿಯಾಟಲ್ ಬಳಿಯ ಬೆಲ್ವ್ಯೂ ಎಂಬ ಊರಿನಲ್ಲಿ, ಬಾಡಿಗೆ ಮನೆಯ ಕಾರು ನಿಲ್ಲಿಸುವ ಕೋಣೆಯಲ್ಲಿ ಪುಸ್ತಕ ಮಾರುವ ಕಂಪನಿಯೊಂದು ಕಣ್ಣು ಬಿಡುತ್ತಿತ್ತು. ಅದರ ಒಡೆಯ ಜೆಫ್ ಬೆಜೋಸ್ ಮೇಜಿನ ಬೆಲೆ ನೋಡಿದರು, ಬಾಗಿಲಿನ ಬೆಲೆ ನೋಡಿದರು, ಬಾಗಿಲೇ ಅಗ್ಗ ಎಂದು ಕಂಡುಕೊಂಡರು. ಬಾಗಿಲಿನ ಹಲಗೆ ಮಲಗಿಸಿ, ನಾಲ್ಕು ಚೌಕ ಕಂಬ ಕೂರಿಸಿ, ಲೋಹದ ಮೂಲೆಪಟ್ಟಿಯಿಂದ ಬಿಗಿದದ್ದೇ ಅಮೆಜಾನಿನ ಮೊದಲ ಮೇಜು. ಕಂಪನಿ ಬೆಳೆದ ಮೇಲೂ ಬಾಗಿಲು ಮೇಜು ಅಲ್ಲಿ ಮಿತವ್ಯಯದ ಗುರುತಾಗಿ ಉಳಿಯಿತು. ಆ ಹೆಸರಿನ ಬಹುಮಾನವನ್ನೂ ನೌಕರರಿಗೆ ಕೊಡುತ್ತಾರೆ.

ಎರಡನೆಯವರು ಇಟಲಿಯ ವಿನ್ಯಾಸಕಾರ ಎನ್ಝೊ ಮಾರಿ. ಅವರು 1974ರಲ್ಲಿ ಮೇಜು, ಕುರ್ಚಿ, ಮಂಚ, ಕಪಾಟು ಸೇರಿ 19 ಸಾಮಾನುಗಳ ನಕ್ಷೆಗಳನ್ನು ಹೊರತಂದರು. ಬೇಕಾದದ್ದು ಒರಟು ಹಲಗೆ, ಮೊಳೆ, ಸುತ್ತಿಗೆ ಅಷ್ಟೇ. ಅಂಚೆ ಖರ್ಚು ಕಳಿಸಿದವರಿಗೆ ನಕ್ಷೆ ಬಿಟ್ಟಿ. ಯಾರು ಬೇಕಾದರೂ ಮಾಡಿಕೊಳ್ಳಬಹುದು, ಕಾರ್ಖಾನೆಯವರು ಮತ್ತು ವ್ಯಾಪಾರಿಗಳನ್ನು ಬಿಟ್ಟು! ಒಂದು ಸಾಮಾನನ್ನು ಸ್ವತಃ ಮಾಡಿ ನೋಡಿದವರಿಗೆ ಅಂಗಡಿಯ ಸಾಮಾನಿನ ಗುಣ, ಅವಗುಣ ತಾನೇ ತಿಳಿಯುತ್ತದೆ ಎಂಬುದು ಅವರ ಎಣಿಕೆಯಾಗಿತ್ತು. ಜನ ಮನೆಯೊಳಗೆ ಕೂತು ಮೇಜು ಹುಡುಕುತ್ತಿದ್ದ ಅದೇ 2020ರ ಅಕ್ಟೋಬರಿನಲ್ಲಿ, 88ನೆಯ ವಯಸ್ಸಿನಲ್ಲಿ, ಮಿಲಾನ್ ನಗರದಲ್ಲಿ ಮಾರಿ ಕೋವಿಡ್‌ನಿಂದ ತೀರಿಕೊಂಡರು.

ಹುಡುಗಿಯ ಮೊದಲ ಪ್ರಶ್ನೆಗೆ ಈಗ ಆಚಾರ್ರು ಬಾಯಿ ಬಿಡಬಹುದು. ಯಾವ ಮರ?

ಸಾಗರ, ಸೊರಬದ ಕಡೆ ಗುಡಿಗಾರರ ಗಂಧದ ಕೆತ್ತನೆ ಹೆಸರಾದದ್ದು. ಮರದ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಸಾಗುವಾನಿ ಮೈಯಲ್ಲೇ ಎಣ್ಣೆ ಇರುವ ಮರ. ಗೆದ್ದಲು ಸುಲಭಕ್ಕೆ ಮುಟ್ಟದು, ತಿರುಚಿಕೊಳ್ಳುವುದು ಕಡಿಮೆ. ಹಲಸು ಹಳದಿಯಾಗಿ ಬಂದು ವರ್ಷ ಕಳೆದಂತೆ ಕಂದು ತಿರುಗುತ್ತದೆ. ಮಾವು ಅಗ್ಗ, ಆದರೆ ಕುಟ್ಟೆ ಹಿಡಿಯುತ್ತದೆ. ಮೇಜಿನ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಹುಳು ಒಳಗೆ ಕೆಲಸ ಶುರುಮಾಡಿದೆ ಎಂದರ್ಥ. ಯಾವ ಮರವಾದರೂ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಅದೂ ಉದ್ದಕ್ಕಲ್ಲ, ಅಗಲಕ್ಕೆ. ಆಷಾಢದಲ್ಲಿ ಬಚ್ಚಲ ಬಾಗಿಲು ಬಿಗಿಯಾಗುವುದು ಇದೇ ಕಾರಣಕ್ಕೆ. ಎರಡಡಿ ಅಗಲದ ಗಟ್ಟಿ ಮರದ ಹಲಗೆಯನ್ನು ನಾಲ್ಕೂ ಕಡೆ ಸ್ಕ್ರೂ ಹೊಡೆದು ಜಗ್ಗದಂತೆ ಬಿಗಿದರೆ ಅದು ಹಿಗ್ಗಲು ಜಾಗವಿಲ್ಲದೆ ಡೊಂಕಾಗುತ್ತದೆ, ಇಲ್ಲವೇ ಸೀಳುತ್ತದೆ. ತಿಳಿದ ಬಡಗಿ ಸ್ಕ್ರೂವಿನ ತೂತನ್ನು ಉರುಟಾಗಿ ಕೊರೆಯುವುದಿಲ್ಲ; ಹಲಗೆಯ ಅಗಲದ ದಿಕ್ಕಿಗೆ ನೀಳವಾಗಿ ಕೊರೆದು ಮರಕ್ಕೆ ಉಸಿರಾಡಲು ಎಡೆ ಬಿಡುತ್ತಾನೆ.

ಆ ತಾಪತ್ರಯ ಬೇಡ ಎನ್ನುವವರಿಗೆ ಪ್ಲೈವುಡ್. ಮರದ ತೆಳು ಪದರಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡವಾಗುವಂತೆ ಜೋಡಿಸಿ ಒತ್ತಿದ್ದು ಅದು. ಒಂದು ಪದರ ಹಿಗ್ಗಲು ಹೊರಟರೆ ಪಕ್ಕದ್ದು ಹಿಡಿದು ನಿಲ್ಲಿಸುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ನೆಟ್ಟ ಸಿಲ್ವರ್ ಓಕ್ ಮರಗಳೂ ಪ್ಲೈವುಡ್ ಕಾರ್ಖಾನೆಗಳಿಗೆ ಹೋಗುತ್ತವೆ. ಹಾಳೆಯ ಮೇಲೆ ಒತ್ತಿದ ಮೊಹರು ಓದುವುದನ್ನು ಕಲಿಯಬೇಕು: ಐಎಸ್ 303 ಎಂದರೆ ಸಾಮಾನ್ಯ ಬಳಕೆಯದು, ಐಎಸ್ 710 ಎಂದರೆ ನೀರಿಗೂ ಜಗ್ಗದ ಮೆರೈನ್ ಪ್ಲೈ. ಓದುವ ಕೋಣೆಯ ಮೇಜಿಗೆ ಮೆರೈನ್ ಬೇಕಾಗಿಲ್ಲ, ಸೋರುವ ಮಾಡಿನ ಮನೆಯಾದರೆ ಮಾತು ಬೇರೆ. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್ ಅಗ್ಗ ನಿಜ, ಆದರೆ ಒಂದು ಚೊಂಬು ನೀರು ಚೆಲ್ಲಿ ಅಂಚಿಗಿಳಿದರೆ ನೆನೆದ ರಸ್ಕಿನ ಹಾಗೆ ಉಬ್ಬುತ್ತದೆ. ಒಮ್ಮೆ ಬಿಚ್ಚಿದ ಸ್ಕ್ರೂ ಮತ್ತೆ ಅದೇ ತೂತಿನಲ್ಲಿ ಬಿಗಿ ನಿಲ್ಲುವುದಿಲ್ಲ.

ಬೆಂಗಳೂರಿನವರು ಸಿದ್ದಯ್ಯ ರಸ್ತೆಯ ಪ್ಲೈವುಡ್ ಅಂಗಡಿಗಳಿಗೆ ಹೋಗಬಹುದು. ಹಳೆ ಮನೆ ಕೆಡವಿದ ಬಾಗಿಲು, ತೊಲೆ ಮಾರುವವರು ಯಾವ ಊರಿನಲ್ಲೂ ಸಿಗುತ್ತಾರೆ. ನಮ್ಮ ಹುಡುಗಿ ಪ್ಲೈವುಡ್ಡಿಗಾಗಿ ಹೋದದ್ದು ಸಾಗರ ಪೇಟೆಗೆ. ಪ್ಲೈವುಡ್ ಹಾಳೆ ಎಂಟಡಿಗೆ ನಾಲ್ಕಡಿ, ಬೆಲೆ ಚದರ ಅಡಿ ಲೆಕ್ಕ, ಒಂದು ಹಾಳೆಗೆ 32 ಚದರ ಅಡಿ. 18 ಮಿಲಿಮೀಟರ್ ದಪ್ಪದ್ದು ಸುಮಾರು 35 ಕಿಲೋ ತೂಗುತ್ತದೆ. ಇಡೀ ಹಾಳೆ ತಂದರೆ ಮನೆ ಬಾಗಿಲಲ್ಲಿ ತಿರುಗುವುದಿಲ್ಲ, ಮೆಟ್ಟಿಲಿದ್ದರಂತೂ ಮುಗಿಯಿತು. ಆದ್ದರಿಂದ ಅವಳು ಒಂದು ಹಾಳೆಯ ಚಿತ್ರವನ್ನು ಚೀಟಿಯಲ್ಲಿ ಬರೆದುಕೊಂಡೇ ಹೋದಳು, ಅಂಗಡಿಯಲ್ಲೇ ಕೊಯ್ಸಿಕೊಂಡಳು.

ಆ ಚೀಟಿ ಹೀಗಿತ್ತು. ಹಾಳೆಯ ಅರ್ಧದಲ್ಲಿ ನಾಲ್ಕಡಿಗೆ ಎರಡಡಿಯ ಎರಡು ತುಂಡು, ಎರಡೂ ಮೇಜಿನ ಮೈಗೆ. ಉಳಿದರ್ಧದಲ್ಲಿ 22 ಇಂಚು ಅಗಲ, 23 ಇಂಚು ಎತ್ತರದ ಎರಡು ತುಂಡು, ಕಾಲುಗಳ ಬದಲಿಗೆ ನಿಲ್ಲಿಸುವ ಪಕ್ಕದ ಹಲಗೆಗಳು. ಆಮೇಲೆ ನಲವತ್ಮೂರೂವರೆಗೆ 12 ಇಂಚಿನ ಒಂದು ಪಟ್ಟಿ, ಬೆನ್ನಿಗೆ. ಮಿಕ್ಕ ಪಟ್ಟಿ ಲ್ಯಾಪ್‌ಟಾಪ್ ಎತ್ತರಿಸುವ ಮಣೆಗೆ. ಪ್ರತಿ ಕೊಯ್ತಕ್ಕೆ ಗರಗಸವೂ ಸುಮಾರು 3 ಮಿಲಿಮೀಟರ್ ತಿನ್ನುತ್ತದೆ. ಅದನ್ನು ಮರೆತು ಲೆಕ್ಕ ಹಾಕಿದವರಿಗೆ ಕೊನೆಯ ತುಂಡು ಗಿಡ್ಡ ಬರುತ್ತದೆ.

ಮೇಜಿನ ಮೈಗೆ ಎರಡು ತುಂಡು ಏಕೆ? ಹಲಗೆ ಬಳುಕುವ ಗಣಿತ ಸ್ವಾರಸ್ಯದ್ದು. ನಡುವೆ ಅದೇ ಭಾರ ಇಟ್ಟು ಹಲಗೆಯ ಉದ್ದವನ್ನು ನಾಲ್ಕಡಿಯಿಂದ ಐದಡಿಗೆ ಏರಿಸಿದರೆ ಬಳುಕು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ದಪ್ಪವನ್ನು ಇಮ್ಮಡಿ ಮಾಡಿದರೆ ಬಳುಕು ಎಂಟನೇ ಒಂದಕ್ಕೆ ಇಳಿಯುತ್ತದೆ. ಆದರೆ ಎರಡು ಹಲಗೆಗಳನ್ನು ಸುಮ್ಮನೆ ಒಂದರ ಮೇಲೊಂದು ಇಟ್ಟರೆ ಬಳುಕದೆ ನಿಲ್ಲುವ ಬಲ ಎರಡು ಪಟ್ಟು ಮಾತ್ರ. ಮೈ ಪೂರ್ತಿ ಅಂಟಿಸಿದಾಗಷ್ಟೇ ಎಂಟು ಪಟ್ಟು. ಒಂದು ಕಟ್ಟು ಕಾಗದ ಕೈಯಲ್ಲಿ ಬಾಗುತ್ತದೆ, ಅದನ್ನೇ ಒಂದಕ್ಕೊಂದು ಅಂಟಿಸಿದರೆ ರಟ್ಟಾಗುತ್ತದೆ. ಎರಡಕ್ಕೂ ಎಂಟಕ್ಕೂ ನಡುವೆ ಇರುವುದು ಬರೀ ಅಂಟು.

ಆ ಅಂಟು ಹಿಂದೆ ಮರವಜ್ರ. ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದದ್ದು. ಕೆಲಸದ ಹೊತ್ತಿಗೆ ಬಿಸಿ ಮಾಡಬೇಕು, ಆರುವ ಮುಂಚೆ ಬಳಿಯಬೇಕು, ಜೊತೆಗೆ ಆ ವಾಸನೆ ತಡೆಯಬೇಕು. 1959ರಲ್ಲಿ ಫೆವಿಕಾಲ್ ಮಾರುಕಟ್ಟೆಗೆ ಬಂದು ಬಡಗಿಯ ಒಲೆಯನ್ನು ಆರಿಸಿತು. ಬಿಳಿ ಅಂಟು ಹಿಡಿಯಲು ಒತ್ತಡ ಬೇಕು. ಬಡಗಿಯ ಹತ್ತಿರ ಕ್ಲ್ಯಾಂಪುಗಳಿರುತ್ತವೆ, ಮನೆಯವರ ಹತ್ತಿರ ಇರುವುದಿಲ್ಲ. 20 ಲೀಟರಿನ ನೀರಿನ ಕ್ಯಾನು 20 ಕಿಲೋ ತೂಗುತ್ತದೆ. ಅಂಥ ನಾಲ್ಕು ಕ್ಯಾನು, ಜೊತೆಗೆ ಎರಡು ಮೂಟೆ ಅಕ್ಕಿ ಹೇರಿ ಒಂದು ರಾತ್ರಿ ಬಿಟ್ಟರೆ ಹಲಗೆ ಒಂದಾಗುತ್ತದೆ. ಅಂಚಿನಿಂದ ಒಸರಿದ ಅಂಟನ್ನು ಹಸಿಯಿರುವಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸದಿದ್ದರೆ ಮುಂದೆ ಅಲ್ಲಿ ಪಾಲಿಶು ಹಿಡಿಯದೆ ಬಿಳಿ ಕಲೆ ಉಳಿಯುತ್ತದೆ.

ಇನ್ನು ಅಲುಗಾಟ. ಮನೆಯಲ್ಲಿ ಮಾಡಿದ ಮೇಜುಗಳ ದೊಡ್ಡ ರೋಗ ಇದು. ಭಾರ ಹೊರುವುದು ಕಾಲುಗಳಿಗೆ ಸಲೀಸು, ಪಕ್ಕಕ್ಕೆ ವಾಲದೆ ನಿಲ್ಲುವುದು ಕಷ್ಟ. ನಾಲ್ಕು ಪಟ್ಟಿಯ ಚೌಕಟ್ಟನ್ನು ತಳ್ಳಿದರೆ ಓರೆಯಾಗುತ್ತದೆ. ಅದಕ್ಕೆ ಹಲಗೆಯ ಬೆನ್ನು ಬಿಗಿದರೆ ಅಲ್ಲಾಡದು. ಚೀಟಿಯಲ್ಲಿದ್ದ 12 ಇಂಚಿನ ಬೆನ್ನುಪಟ್ಟಿಯ ಕೆಲಸ ಅದೇ. ಒಳಗಿನಿಂದ ಎಲ್ ಆಕಾರದ ಕಬ್ಬಿಣದ ಪಟ್ಟಿಗಳನ್ನು ಸ್ಕ್ರೂ ಹಾಕಿ ಕೂರಿಸಿದರೆ ಮನೆ ಬದಲಿಸುವಾಗ ಬಿಚ್ಚಿ ಲಗೇಜ್ ಆಟೊದಲ್ಲಿ ಮಲಗಿಸಬಹುದು. ಪ್ಲೈವುಡ್ಡಿನ ಅಂಚಿಗೆ ನೇರ ಸ್ಕ್ರೂ ತಿರುಗಿಸಿದರೆ ಪದರ ಬಾಯಿ ಬಿಡುತ್ತದೆ. ಮೊದಲು ಸಣ್ಣ ತೂತು ಕೊರೆಯಬೇಕು.

ಮುಂದಿನ ಅಂಚಿಗೆ ಸಾಗುವಾನಿಯ ತೆಳು ಪಟ್ಟಿ ಹೊಡೆದು, ಮೂಲೆ ಕಳೆದು ಉರುಟು ಮಾಡಿದಳು. ಮಣಿಕಟ್ಟು ದಿನವಿಡೀ ಒರಗುವ ಜಾಗ ಅದು. ಉಪ್ಪುಕಾಗದವನ್ನು 80, 120, 220 ಎಂದು ಒರಟಿನಿಂದ ನಯಕ್ಕೆ ಏರಿಸುತ್ತ, ಮರದ ಎಳೆಯ ದಿಕ್ಕಿನಲ್ಲೇ ತಿಕ್ಕಿದಳು. ಮೇಲುಹೊದಿಕೆಗೆ ಮೈಕಾ ಅಂಟಿಸಬಹುದು, ಪಾಲಿಶು ಬಳಿಯಬಹುದು. ಅರಗಿನ ಪಾಲಿಶು ನೋಡಲು ಬಲು ಅಂದ, ಆದರೆ ಬಿಸಿ ಕಾಫಿ ಲೋಟದಡಿ ಬಿಳಿ ಬಳೆ ಮೂಡುತ್ತದೆ, ಮದ್ಯಸಾರಕ್ಕೆ ಕರಗುತ್ತದೆ. ಕೋವಿಡ್ ಕಾಲದಲ್ಲಿ ಹಳೆಯ ಮೇಜನ್ನು ಸ್ಯಾನಿಟೈಸರಿನಲ್ಲಿ ಒರೆಸಿದವರಿಗೆ ಅಂಗೈಗೆ ಅಂಟಿದ ಕಂದುಬಣ್ಣ ಏನೆಂದು ಈಗ ತಿಳಿದೀತು. ಅಗಸೆ ಎಣ್ಣೆ ಉಜ್ಜುವವರಿಗೆ ಒಂದು ಎಚ್ಚರಿಕೆ: ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯೊಳಗೆ ಆ ಕಾವು ಸೇರಿ ತಾನಾಗಿ ಬೆಂಕಿ ಹತ್ತಬಹುದು. ಬಟ್ಟೆಯನ್ನು ಬಿಡಿಸಿ, ಹೊರಗೆ ತಂತಿಯ ಮೇಲೆ ಹರವಿ ಒಣಗಿಸಬೇಕು.

ಕೂರಿಸುವ ಜಾಗಕ್ಕೆ ಹೆಚ್ಚು ಮಾತು ಬೇಡ. ಕಿಟಕಿ ಎದುರಿಗಿದ್ದರೆ ಕಣ್ಣಿಗೆ ಬೆಳಕು ಹೊಡೆಯುತ್ತದೆ, ಬೆನ್ನಿಗಿದ್ದರೆ ಪರದೆಗೆ ಹೊಡೆಯುತ್ತದೆ, ಪಕ್ಕಕ್ಕಿರಲಿ. ಲ್ಯಾಪ್‌ಟಾಪಿನಲ್ಲಿ ಕೀಲಿಮಣೆ ಮೊಣಕೈಗೆ ಸರಿಹೋದರೆ ಪರದೆ ಕೆಳಗಾಗುತ್ತದೆ, ಪರದೆ ಕಣ್ಣಿಗೆ ಸರಿಹೋದರೆ ಕೀಲಿಮಣೆ ಮೇಲಾಗುತ್ತದೆ. ಎರಡನ್ನೂ ಬೇರೆ ಮಾಡದೆ ದಾರಿಯಿಲ್ಲ. ಮಿಕ್ಕ ಪಟ್ಟಿಯಲ್ಲಿ ಅವಳು ಕೊಯ್ದ ಮಣೆಯ ಮೇಲೆ ಲ್ಯಾಪ್‌ಟಾಪ್ ಹತ್ತಿತು, ಕೈಗೆ ಬೇರೆ ಕೀಲಿಮಣೆ ಬಂತು. ಕೈ ಚಾಚಿದರೆ ಬೆರಳು ಪರದೆಗೆ ತಾಗುವಷ್ಟು ದೂರ.

ಭಾನುವಾರ ಮೇಜು ಎದ್ದು ನಿಂತಿತು. ಅಮ್ಮ ಬಂದು ಸವರಿ ನೋಡಿ, "ಗಿಡ್ಡ ಆಯ್ತಲ್ಲೇ" ಎಂದಳು. ಆಮೇಲೆ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ತಂದು ತಾನೂ ಕೂತಳು, ಅರ್ಧ ಗಂಟೆ ಏಳಲಿಲ್ಲ. ಸಂಜೆ ಬೆಂಗಳೂರಿನಿಂದ ಅಣ್ಣ ಬಂದ, ಐದಡಿ ಹತ್ತಿಂಚಿನ ಆಳು. ಕಾಲು ಒಳಗೆ ಹಾಕಿದ್ದೇ ಮಂಡಿ ಹಲಗೆಗೆ ಬಡಿಯಿತು. "ಇದೆಂತ ಮಾರಾಯ್ತಿ, ಮಕ್ಕಳ ಮೇಜಾ?" ಎಂದ. ಅವಳು ಗೋಡೆಗೊರಗಿಸಿದ್ದ ಕೊನೆಯ ತುಂಡು ಎತ್ತಿ ಅಳೆದಳು. 18 ಇಂಚಿಗೆ 13. ಅವನ ಲ್ಯಾಪ್‌ಟಾಪಿನ ಅಡಿಗೆ ಆದೀತು, ಮೇಜಿಗೆ ಸಾಲದು. ಇನ್ನೊಂದು ಹಾಳೆ ತರಬೇಕು.

"ಹಂಗಾರೆ ನೀನೂ ಕೂತ್ಕ" ಎಂದಳು. ಅಣ್ಣ ಅಂಗಾಲು ನೆಲಕ್ಕೂರಿ, ಕುರ್ಚಿಯಲ್ಲಿ ನೆಟ್ಟಗೆ ಕೂತು, ಭುಜ ಸಡಿಲ ಬಿಟ್ಟ. ಅವಳು ಟೇಪು ಎಳೆದಳು.